ಮುಚ್ಚಿದ ಬಾವಿಯ ಮೇಲೆ ನಿಂತ ಕ್ರೇನು

ನಮ್ಮ ಕಡೆ ಕ್ರೇನನ್ನು ಕ್ರೇನ್ ಅನ್ನುವವರು ಕಡಿಮೆ. ಎಲ್ಲರ ಬಾಯಲ್ಲೂ ಅದು ‘ಹೈಡ್ರಾ’. ಒಂದು ಕಂಪನಿ ತನ್ನ ಮಾದರಿಗೆ ಇಟ್ಟ ಹೆಸರು, ಕೊನೆಗೆ ಆ ಜಾತಿಯ ಎಲ್ಲ ಗಾಡಿಗಳಿಗೂ ಅಂಟಿಕೊಂಡಿತು. ವನಸ್ಪತಿಯೆಲ್ಲ ಡಾಲ್ಡಾ ಆದಂತೆ, ಮಣ್ಣು ಅಗೆಯುವ ಯಂತ್ರವೆಲ್ಲ ಜೆಸಿಬಿ ಆದಂತೆ. ಮುಂದಕ್ಕೆ ಉದ್ದನೆಯ ಮೂತಿ ಚಾಚಿಕೊಂಡು, ತಿರುಗುವಾಗ ಸೊಂಟ ಬಳುಕಿಸುವ ಈ ಹಳದಿ ಗಾಡಿ ಚನ್ನರಾಯನದುರ್ಗದ ಕೆಳಗಿನ ರಸ್ತೆಗಳಲ್ಲಿ, ಮಧುಗಿರಿ, ಕೊರಟಗೆರೆ, ಶಿರಾಗಳ ಪೇಟೆ ಬೀದಿಗಳಲ್ಲಿ ದಿನಕ್ಕೊಮ್ಮೆಯಾದರೂ ಎದುರಾಗುತ್ತದೆ. ಹಳ್ಳಕ್ಕಿಳಿದ ಲಾರಿ ಎತ್ತಬೇಕು, ಟ್ರಾನ್ಸ್‌ಫಾರ್ಮರ್ ಕೂರಿಸಬೇಕು, ಕ್ವಾರಿಯ ಕಲ್ಲು ಹೇರಬೇಕು, ಗಣೇಶನನ್ನು ಕೆರೆಗೆ ಬಿಡಬೇಕು. ಚುನಾವಣೆ ಬಂದರೆ ಅಭ್ಯರ್ಥಿಯ ಕೊರಳಿಗೆ ಸೇಬಿನ ಹಾರ ಇಳಿಸಬೇಕು. ಎಲ್ಲಕ್ಕೂ ಒಂದೇ ಹೈಡ್ರಾ.

ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಓದಿದವನು. ಈ ಗಾಡಿಗಳನ್ನು ತಪಾಸಣೆ ಮಾಡುವ ತಂಡದಲ್ಲಿ ನನ್ನ ಕೆಲಸ. 1948ರ ಕಾರ್ಖಾನೆಗಳ ಕಾಯಿದೆಯ 29ನೇ ಸೆಕ್ಷನ್ನು, ಭಾರ ಎತ್ತುವ ಪ್ರತಿ ಯಂತ್ರವನ್ನೂ ಅದರ ಸರಪಳಿ, ಹಗ್ಗಗಳನ್ನೂ 12 ತಿಂಗಳಿಗೊಮ್ಮೆಯಾದರೂ ‘ಸಕ್ಷಮ ವ್ಯಕ್ತಿ’ಯೊಬ್ಬರು ಕೂಲಂಕಷವಾಗಿ ನೋಡಬೇಕು ಎಂದು ವಿಧಿಸಿತು. ಯಂತ್ರದ ಮೈಮೇಲೆ ಅದು ಎಷ್ಟು ಎತ್ತಬಹುದೆಂದು ಬರೆದಿರಬೇಕು, ಅದಕ್ಕಿಂತ ಹೆಚ್ಚು ಹೊರಿಸಕೂಡದು ಎಂದೂ ಹೇಳಿತು. ಆಮೇಲೆ ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬೇರೆ ಕಾಯಿದೆ ಬಂತು. 20 ಟನ್‌ವರೆಗಿನ ಕ್ರೇನಾದರೆ ಲೋಡ್ ಟೆಸ್ಟಿನಲ್ಲಿ ಅದರ ಸುರಕ್ಷಿತ ಭಾರಕ್ಕಿಂತ ಶೇ. 25ರಷ್ಟು ಹೆಚ್ಚು ಹೊರಿಸಿ ನೋಡುತ್ತೇವೆ. ಎತ್ತಿ, ಹಾಗೇ ಹಿಡಿದು, ಭಾರ ತಾನಾಗಿ ಕೆಳಗೆ ಜಾರುತ್ತಿದೆಯೇ ಎಂದು ಕಾಯುತ್ತೇವೆ. ಎಲ್ಲ ಸರಿಯಿದ್ದರೆ ಸಹಿ, ಸೀಲು. ಮಾಲೀಕರು ಅದನ್ನು ಲ್ಯಾಮಿನೇಟ್ ಮಾಡಿಸಿ, ಮಧುಗಿರಿ ಆರ್‌ಟಿಒ ಆಫೀಸಿನ ಎಫ್‌ಸಿ ಜೊತೆ ಕ್ಯಾಬಿನ್ನಿನಲ್ಲಿ ಸಿಕ್ಕಿಸಿಡುತ್ತಾರೆ. ಅನೇಕರಿಗೆ ಎರಡೂ ಒಂದೇ. ಎಫ್‌ಸಿ ನೋಡುವುದು ಗಾಡಿ ರಸ್ತೆಯಲ್ಲಿ ಓಡಲು ಲಾಯಕ್ಕೇ ಎಂದು. ಅದು ಎತ್ತಲು ಲಾಯಕ್ಕೇ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಮೊದಲು ಉತ್ತರ ಕೊಡುವುದು ಹಗ್ಗ. ಹಗ್ಗವೆಂದರೆ ಉಕ್ಕಿನ ತಂತಿ ಹಗ್ಗ, ನಮ್ಮವರ ಬಾಯಲ್ಲಿ ‘ರೋಪು’. ಸಾಮಾನ್ಯವಾಗಿ ಆರು ಎಳೆ, ಒಂದೊಂದು ಎಳೆಯಲ್ಲಿ 36 ತಂತಿ, ಒಟ್ಟು 216. ರೋಪಿನ ದಪ್ಪದ ಎಂಟು ಪಟ್ಟು ಉದ್ದದೊಳಗೆ ಶೇ. 10ಕ್ಕಿಂತ ಹೆಚ್ಚು ತಂತಿ ತುಂಡಾಗಿ ಕಂಡರೆ ಆ ರೋಪನ್ನು ಬಳಸಬಾರದು. 12 ಮಿಲಿಮೀಟರ್ ರೋಪಾದರೆ ಎಂಟು ಪಟ್ಟು ಅಂದರೆ ಅರ್ಧ ಗೇಣೂ ಆಗುವುದಿಲ್ಲ. ಅಷ್ಟರೊಳಗೆ 21 ತುಂಡಿದ್ದರೆ ನಡೆಯುತ್ತದೆ, 22 ಆದರೆ ಇಲ್ಲ.

ಕಾಲೇಜಿಗೆ ಹೋಗುವ ಮೊದಲೇ ಇದನ್ನು ನನಗೆ ತೋರಿಸಿಕೊಟ್ಟವರು ನನ್ನ ಸೋದರಮಾವ. ಅವರು ಬಾವಿ ಕ್ರೇನಿನವರು. ಬೋರ್‌ವೆಲ್ ಎಲ್ಲೆಡೆ ಬರುವ ಮೊದಲು ನಮ್ಮ ಸೀಮೆಯಲ್ಲಿ ಬಾವಿ ಆಳ ಮಾಡಲು ದಡದಲ್ಲಿ ಡೀಸೆಲ್ ಎಂಜಿನ್ನಿನ ಒಂದು ಸಣ್ಣ ಕ್ರೇನು ಹೂಡುತ್ತಿದ್ದರು. ಸಿಡಿಸಿದ ಕಲ್ಲು ತುಂಬಿದ ಬಕೆಟ್ಟು ಮೇಲೆ ಬರಬೇಕು, ಆಳು ಕೆಳಗಿಳಿಯಬೇಕು, ಎರಡಕ್ಕೂ ಅದೇ ರೋಪು. ಮಾವ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಒಂದು ಹಳೆಯ ಪಂಚೆಯ ತುಂಡನ್ನು ರೋಪಿಗೆ ಸುತ್ತಿ, ಮೆಲ್ಲಗೆ ಎಳೆದುಕೊಂಡು ಹೋಗುತ್ತಿದ್ದರು. ತಂತಿ ತುಂಡಾಗಿ ಮೇಲೆದ್ದಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಿದರೆ ಕೈ ಸೀಳುತ್ತದೆ. ಶೇಕಡಾ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಬಟ್ಟೆ ಮೇಲಿಂದ ಮೇಲೆ ಸಿಕ್ಕಿಕೊಂಡರೆ ಅವತ್ತು ಯಾರನ್ನೂ ಕೆಳಗಿಳಿಸುತ್ತಿರಲಿಲ್ಲ, ಅಷ್ಟೇ. ಬಾವಿಯೊಳಗೆ ಇಳಿಯುತ್ತಿದ್ದವರು ಅವರ ತಮ್ಮನೇ ಆಗಿದ್ದರಿಂದ ಅವರಿಗೆ ಯಾವ ಕಾಯಿದೆಯ ಅಗತ್ಯವೂ ಬೀಳಲಿಲ್ಲ.

ತಂತಿ ಹಗ್ಗ ಹುಟ್ಟಿದ್ದೂ ಆಳದಲ್ಲಿ ದುಡಿಯುವವರಿಗಾಗಿಯೇ. 1834ರಲ್ಲಿ ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದರು. ಅದಕ್ಕೆ ಮೊದಲು ಅಲ್ಲಿ ಸರಪಳಿ ಬಳಸುತ್ತಿದ್ದರು. ಸರಪಳಿಯ ಒಂದು ಕೊಂಡಿ ಬಿಟ್ಟರೆ ಎಲ್ಲವೂ ಬಿಟ್ಟಂತೆ, ಮುನ್ಸೂಚನೆಯೇ ಇರುವುದಿಲ್ಲ. ಹಗ್ಗದಲ್ಲಿ ಒಂದು ತಂತಿ ಹೋದರೆ ಉಳಿದವು ಹೊರುತ್ತವೆ, ಹೋದದ್ದು ಮೇಲೆದ್ದು ಕಾಣಿಸಿಕೊಳ್ಳುತ್ತದೆ. ಅಂದರೆ ಹಗ್ಗ ಮೊದಲೇ ಹೇಳುತ್ತದೆ. ಕೇಳುವವರು ದಿನವೂ ಇರಬೇಕು. ನಾನು ನೋಡಲು ಹೋಗುವುದು ವರ್ಷಕ್ಕೊಮ್ಮೆ.

ಪಾವಗಡದ ಸೋಲಾರ್ ಪಾರ್ಕ್ ಕಟ್ಟುವಾಗ ನಾನು ಅಲ್ಲಿಗೆ ಹೋಗಿ ಬರುತ್ತಿದ್ದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆ, 2,050 ಮೆಗಾವಾಟ್. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದ ನೆಲ. ಸಬ್‌ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಇಳಿಸುವ ದಿನ ಅಲ್ಲಿ ಒಂದು ಸಣ್ಣ ಜಾತ್ರೆ. ಆದರೆ ಶಿಸ್ತಿನ ಜಾತ್ರೆ. ಎಷ್ಟು ಭಾರ, ಎಷ್ಟು ದೂರ, ನೆಲ ಎಷ್ಟು ತಡೆಯುತ್ತದೆ, ಎಲ್ಲವೂ ಹಿಂದಿನ ದಿನವೇ ಕಾಗದದ ಮೇಲೆ. ಕ್ರೇನಿನ ಕಾಲುಗಳ ಕೆಳಗೆ ದಪ್ಪ ಮರದ ದಿಮ್ಮಿ. ಗಾಳಿ ನೋಡಲು ಒಂದು ಮೀಟರು. ಸುತ್ತ ಕೆಂಪು ಟೇಪು. ಸಿಗ್ನಲ್ ಕೊಡಲು ಒಬ್ಬನೇ ಒಬ್ಬ. ಆದರೆ ‘ನಿಲ್ಲಿಸು’ ಎಂದು ಕೈ ಎತ್ತುವ ಅಧಿಕಾರ ಮಾತ್ರ ಅಲ್ಲಿದ್ದ ಎಲ್ಲರಿಗೂ ಇತ್ತು, ಟೀ ತರುವ ಹುಡುಗನಿಗೂ.

ಆ ಬೇಲಿಯಿಂದ ಹೊರಗೆ ಬಂದರೆ ಅದೇ ಗಾಡಿ, ಅದೇ ಆಪರೇಟರು, ಇದ್ಯಾವುದೂ ಇಲ್ಲ.

ಒಂದು ಸಲ ಹೀಗಾಯಿತು. ದುರ್ಗದ ಆಸುಪಾಸಿನ ಒಂದು ಹಳ್ಳಿಯಲ್ಲಿ ಗುಡಿಯ ಮುಂದೆ ಗರುಡಗಂಬ ನಿಲ್ಲಿಸುವುದಿತ್ತು. ಕ್ರೇನು ತಂದವರು ನನಗೆ ವರಸೆಯಲ್ಲಿ ಭಾವ. ನಾನು ಹೋಗಿದ್ದು ಊಟಕ್ಕೆ ಕರೆದಿದ್ದರೆಂದು. ಕಂಬ 20 ಅಡಿ ಉದ್ದ, ಒಂದೂವರೆ ಅಡಿ ಚೌಕ. 45 ಘನ ಅಡಿ. ನಮ್ಮ ಕಲ್ಲು ಒಂದು ಘನ ಅಡಿಗೆ ಹೆಚ್ಚುಕಡಿಮೆ 76 ಕೆಜಿ ತೂಗುತ್ತದೆ. ಅಲ್ಲಿಗೆ ಮೂರೂವರೆ ಟನ್ ಹತ್ತಿರ. ಭಾವ ನಕ್ಕರು. “ನಂದು ಹನ್ನೆರಡು ಟನ್ ಗಾಡಿ ಕಣಪ್ಪ, ಇದೇನು ಮಹಾ.”

ಆ ಹನ್ನೆರಡು ಟನ್ನು ಹುಕ್ಕು ಗಾಡಿಯ ಮೂತಿಗೆ ಅಂಟಿಕೊಂಡಷ್ಟು ಹತ್ತಿರ ಇದ್ದಾಗಿನ ಮಾತು. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಮೈಲಿ ನಡೆಯುವವರಿಗೂ ಅದೇ ಬಿಂದಿಗೆಯನ್ನು ಕೈಚಾಚಿ ಹಿಡಿದು ಹತ್ತು ಹೆಜ್ಜೆ ಇಡಲಾಗದು. 20 ಅಡಿ ಕಂಬ ನೆಟ್ಟಗಾಗಬೇಕಾದರೆ ಬೂಮು ಚಾಚಲೇಬೇಕು, ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ಆ ಗಾಡಿಯ ಚಾರ್ಟು ನೋಡಿದೆ. ಅಷ್ಟು ದೂರಕ್ಕೆ ಅದು ಹೊರಬಹುದಾದ್ದು ಮೂರೂವರೆ ಟನ್ನಿಗಿಂತ ಕೊಂಚವೇ ಹೆಚ್ಚು. ಹೆಚ್ಚು ಹೊರಿಸಿದರೆ ಕೂಗಿಕೊಳ್ಳಲು ಕ್ಯಾಬಿನ್ನಿನಲ್ಲಿ ಒಂದು ಅಲಾರಂ ಇರುತ್ತದೆ. ಅದರ ವೈರನ್ನು ಯಾರೋ ಕತ್ತರಿಸಿ, ತುದಿಗೆ ನೀಟಾಗಿ ಟೇಪು ಸುತ್ತಿದ್ದರು. ರೋಪಿಗೆ ಬಟ್ಟೆ ಹಿಡಿದು ಎಳೆದೆ. ಡ್ರಮ್ಮಿನ ಬಳಿ ಸಿಕ್ಕಿಕೊಂಡಿತು. ಅರ್ಧ ಗೇಣಿನಲ್ಲಿ ಎಣಿಸುತ್ತಾ ಹೋದೆ, 30 ದಾಟಿತು. ಸರ್ಟಿಫಿಕೇಟಿಗೆ ಇನ್ನೂ ನಾಲ್ಕು ತಿಂಗಳು ಆಯುಸ್ಸಿತ್ತು.

“ಭಾವ, ಈ ರೋಪಿನಲ್ಲಿ ಎತ್ತೋದು ಬೇಡ” ಅಂದೆ.

“ಪೇಪರ್ ಐತಲ್ಲ?” ಅಂದರು. ಅರ್ಚಕರು ಗಡಿಯಾರ ನೋಡಿಕೊಂಡರು. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇತ್ತು. ನೂರಾರು ಜನ ಕಂಬದ ಸುತ್ತಲೇ ನಿಂತಿದ್ದರು. ಮಕ್ಕಳು ಕಂಬದ ಮೇಲೆ ಕುಳಿತಿದ್ದವು. ಭಾವನ ಮುಖ ಕೆಂಪಾಗಿತ್ತು. ಅವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಗಾಡಿ ಸಾಲದ ಮೇಲೆ ಬಂದದ್ದು. ತಿಂಗಳ ಕಂತು ಮಳೆಗೆ, ಹಬ್ಬಕ್ಕೆ ನಿಲ್ಲುವುದಿಲ್ಲ. ಊರಿನವರೆದುರು ಗಾಡಿ ನಿಂತರೆ ಮುಂದಿನ ಬಾಡಿಗೆ ಬೇರೆಯವರ ಪಾಲು.

ಅಷ್ಟರಲ್ಲಿ ಗುಡಿಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, ಯಾರನ್ನೂ ನೋಡದೆ, “ಅದನ್ನ ಬಾವಿ ಮ್ಯಾಲೆ ಯಾಕಪ್ಪ ನಿಲ್ಸಿದೀರ?” ಅಂದರು.

ಯಾವ ಬಾವಿ? ಅಲ್ಲಿ ಸಮತಟ್ಟಾದ ಕೆಂಪು ಮಣ್ಣಿನ ಬಯಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗುಡಿಯ ಬಾವಿ ಬತ್ತಿ, ಕಸ ತುಂಬಿ, ಮಕ್ಕಳು ಬಿದ್ದಾರೆಂದು ಯಾವುದೋ ವರ್ಷ ಮಣ್ಣು ತುಂಬಿಸಿ ಮುಚ್ಚಿದ್ದರಂತೆ. ಹಾರೆ ತಂದು ಮುಂದಿನ ಚಕ್ರದ ಪಕ್ಕ ಕುಟ್ಟಿದೆವು. ಮೂರು ಅಡಿ ಸಲೀಸಾಗಿ ಇಳಿಯಿತು. ನಾಲ್ಕು ಮಾರು ಆಚೆ ಕುಟ್ಟಿದರೆ ಒಂದು ಗೇಣಿಗೇ ಟಣ್ ಅಂದಿತು. ಹೈಡ್ರಾಕ್ಕೆ ದೊಡ್ಡ ಕ್ರೇನುಗಳ ಹಾಗೆ ಚಾಚಿ ಊರುವ ಕಾಲುಗಳಿಲ್ಲ. ಭಾರ ಎತ್ತಿದಾಗ ಗಾಡಿಯ ತೂಕ, ಕಲ್ಲಿನ ತೂಕ ಎರಡೂ ಮುಂದಿನ ಟೈರುಗಳ ಮೇಲೆ ಕೂರುತ್ತವೆ. ಆ ಟೈರು ನಿಂತಿದ್ದದ್ದು ಬಾವಿಯ ಬಾಯಿಯ ಮೇಲೆ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇಂಥ ಬಾವಿಗಳು ಎಷ್ಟಿವೆಯೋ. ಮಾವನಂಥವರು ಕ್ರೇನು ಹೂಡಿ ತೋಡಿದವು. ನೀರು ಕೆಳಗೆ ಹೋದಂತೆ ಒಂದೊಂದಾಗಿ ಬತ್ತಿ, ಮಣ್ಣು ತುಂಬಿಸಿಕೊಂಡು ಮಾಯವಾದವು. ಯಾವ ಚಾರ್ಟಿನಲ್ಲೂ ಅವಿಲ್ಲ. ಅಂದಿನಿಂದ ಯಾವ ಹಳ್ಳಿಗೆ ತಪಾಸಣೆಗೆ ಹೋದರೂ ನನ್ನ ಪಟ್ಟಿಯಲ್ಲಿ ಒಂದು ಪ್ರಶ್ನೆ ಸೇರಿದೆ: ಇಲ್ಲಿ ಬಾವಿ ಎಲ್ಲಿತ್ತು? ಕೇಳುವುದು ವಯಸ್ಸಾದವರನ್ನು.

ಅಂದು ಬೆಳಿಗ್ಗೆ ಕಂಬ ನಿಲ್ಲಲಿಲ್ಲ. ಅರ್ಚಕರೇ ಪಂಚಾಂಗ ತಿರುವಿ ಮಾರನೆಯ ದಿನಕ್ಕೆ ಇನ್ನೊಂದು ಮುಹೂರ್ತ ಹುಡುಕಿಕೊಟ್ಟರು. ಭಾವ ಮಾತಿಲ್ಲದೆ ತುಮಕೂರಿಗೆ ಹೋಗಿ ರೋಪು ತಂದರು. ರಾತ್ರಿ ಅದನ್ನು ಡ್ರಮ್ಮಿಗೆ ಸುತ್ತುವಾಗ ಆಪರೇಟರ್ ಹುಡುಗ ಟಾರ್ಚು ಹಿಡಿದಿದ್ದ. ಕತ್ತರಿಸಿದ ವೈರು ಜೋಡಿಸಿದವನೂ ಅವನೇ. ರೋಪು ಹೋಗಿರುವುದು ಗೊತ್ತಿತ್ತೇ ಎಂದು ಕೇಳಿದೆ.

“ಗೊತ್ತಿತ್ತಣ್ಣ. ಹದಿನೈದು ದಿನ ಆಯ್ತು.”

“ಮತ್ತೆ?”

“ನಾನೇಳಿದ್ರೆ ಕೆಲ್ಸ ಹೋಗುತ್ತೆ. ನೀವೇಳಿದ್ರೆ ಬೈಗುಳ ಅಷ್ಟೇ.” ಸ್ವಲ್ಪ ಹೊತ್ತು ಬಿಟ್ಟು ಅಂದ: “ತಿರುಮಣೀಲಿ ಕೆಲ್ಸ ಮಾಡಿದೀನಣ್ಣ. ಅಲ್ಲಿ ನಾನು ಕೈ ಎತ್ತಿದ್ರೆ ಎಲ್ಲ ನಿಲ್ತಿತ್ತು.”

ತಪಾಸಣೆಯ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಹುಕ್ಕಿನ ಬಾಯಿ ಎಷ್ಟು ಅಗಲವಾದರೆ ಎಸೆಯಬೇಕು, ಡ್ರಮ್ಮಿನ ಮೇಲೆ ಕೊನೆಗೆ ಎಷ್ಟು ಸುತ್ತು ರೋಪು ಉಳಿದಿರಬೇಕು ಎಂದೆಲ್ಲ ಇದೆ. ಹದಿನೈದು ದಿನದಿಂದ ಗೊತ್ತಿರುವವನು ಬಾಯಿ ಬಿಡುವಂತೆ ಮಾಡುವುದು ಹೇಗೆಂದು ಇಲ್ಲ. ದೊಡ್ಡ ಅವಘಡಗಳನ್ನು ಓದುವಾಗಲೂ ನನ್ನ ಕಣ್ಣು ಅದನ್ನೇ ಹುಡುಕುತ್ತದೆ. 1999ರ ಜುಲೈನಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರೀಡಾಂಗಣದ ಚಾವಣಿಯ 400 ಟನ್‌ಗೂ ಮಿಕ್ಕ ತುಂಡನ್ನು ಬೀಸುಗಾಳಿಯಲ್ಲಿ ಎತ್ತಲು ಹೋಗಿ ಕ್ರೇನು ಉರುಳಿತು, ಮೂವರು ಕೆಲಸಗಾರರು ಸತ್ತರು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗಲೇ ಕ್ರೇನು ಕುಸಿದು 11 ಜನ ಹೋದರು. 2023ರ ಜನವರಿ 22ರಂದು ಅರಕ್ಕೋಣಂ ಹತ್ತಿರದ ಹಳ್ಳಿಯ ದೇವಿ ಉತ್ಸವದಲ್ಲಿ, ದೇವರಿಗೆ ಹಾರ ಹಾಕಲು ಜನರನ್ನು ಹೊತ್ತಿದ್ದ ಕ್ರೇನು ಮಗುಚಿ ನಾಲ್ವರು ತೀರಿಕೊಂಡರು. ಕೊನೆಯದು ನಮ್ಮ ಊರುಗಳ ಜಾತ್ರೆಯಲ್ಲೂ ಆಗಬಹುದಾದದ್ದು.

ಹಾಗಾಗಿ ಇದನ್ನು ಓದುವವರಲ್ಲಿ ಒಂದು ಮಾತು. ಮೆರವಣಿಗೆಯಲ್ಲಿ ಕ್ರೇನಿನಿಂದ ಹಾರ ಇಳಿಯುವಾಗ ಮೊಬೈಲು ಹಿಡಿದು ಅದರ ಕೆಳಗೆ ನಿಲ್ಲಬೇಡಿ. ಮೇಲೆ ಕರೆಂಟು ಲೈನಿದೆಯೇ ನೋಡಿ. ಕ್ಯಾಬಿನ್ನಿನಲ್ಲಿ ಕುಳಿತವನ ಮುಖ ಒಮ್ಮೆ ನೋಡಿ. ಅವನು ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದರೆ, ನಿಮ್ಮೂರ ಹಿರಿಯರಿಗೆ ಅದನ್ನು ಜೋರಾಗಿ ಹೇಳಿ. ಅವನಿಗೆ ಹೋಗುವಂಥದ್ದು ನಿಮಗೆ ಹೋಗುವುದಿಲ್ಲ.

ಭಾವ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು: ರೋಪಿನ ಒಂದು ತುಂಡು, ಪಕ್ಕದಲ್ಲಿ ಅಳತೆಗೆಂದು ಇಟ್ಟ ಬೀಡಿ ಕಟ್ಟು. “ಇದು ಆಗುತ್ತಾ?” ಎಂದು ಕೇಳಿದ್ದರು. ಫೋಟೊದಲ್ಲಿ ತಂತಿ ಎಣಿಸಲು ಬರುವುದಿಲ್ಲ. ಬಟ್ಟೆ ಹಿಡಿದು ಎಳೆಯಿರಿ, ಆಮೇಲೆ ಹುಡುಗನನ್ನು ಕೇಳಿ, ಅವನು ಬೇಡ ಅಂದರೆ ಬೇಡ ಎಂದು ಬರೆದೆ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: “ಬೇಡ ಅಂದ. ತುಮಕೂರಿಗೆ ಹೊಂಟಿದೀನಿ.”