ಬೆರಳಿಗೆ ಬೇಕಾದ ಭಾರ

ನಮ್ಮ ನವಲಗುಂದದ ಕಡೆ ಕರಿ-ಬಿಳಿ ಕೀಲಿಗಳಿರುವ ವಾದ್ಯಗಳಿಗೆ ಎರಡೇ ಹೆಸರು. ಕೈಯಿಂದ ಗಾಳಿ ಹಾಕುವುದಾದರೆ ಪೇಟಿ, ವೈರು ಚುಚ್ಚುವುದಾದರೆ ಕ್ಯಾಸಿಯೊ. ತಯಾರಿಸಿದ ಕಂಪನಿ ಯಾವುದೇ ಇರಲಿ, ಹೆಸರು ಮಾತ್ರ ಅದೇ. ಹೀಗಾಗಿ ನನ್ನ ತಂಗಿಯ ಮಗಳು ತನಗೆ ಪಿಯಾನೊ ಬೇಕು ಎಂದಾಗ, ಅದು ಬೇರೆಯೇ ಒಂದು ವಾದ್ಯವೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಮಾತು ಉರ್ದು. ಆದರೆ ದುಡ್ಡಿನ ಮಾತು ಬಂದಾಗ ಎಲ್ಲರೂ ಕನ್ನಡಕ್ಕೆ ಇಳಿಯುತ್ತೇವೆ. "ಕ್ಯಾಸಿಯೊ ಐತಲ್ಲ ಮನ್ಯಾಗ, ಮತ್ತೊಂದು ಯಾಕ?" ಎಂದ ಅವಳಪ್ಪ.

ಹುಡುಗಿ ಪಿಯುಸಿ ಓದುತ್ತಾಳೆ. ಭಾನುವಾರ ಬಸ್ಸು ಹತ್ತಿ ಹುಬ್ಬಳ್ಳಿಗೆ ಪಾಠಕ್ಕೆ ಹೋಗುತ್ತಾಳೆ. ಆಟಿಕೆಯಂಥ ಕ್ಯಾಸಿಯೊದ ಸಣ್ಣ ಕೀಲಿಗಳ ಮೇಲೆ ಇನ್ನು ಮುಂದಿನ ಪಾಠ ಸಾಗದು ಎಂದು ಗುರುಗಳು ಹೇಳಿ ಕಳಿಸಿದ್ದರು. ನಿಜವಾದ ಪಿಯಾನೊದ ಮಾತು ನಮ್ಮಂಥವರಿಗಲ್ಲ. ಅದರೊಳಗೆ 200ಕ್ಕೂ ಹೆಚ್ಚು ತಂತಿಗಳು. ಬಿಸಿಲು, ತೇವ ಬದಲಾದಂತೆ ಅವು ಶ್ರುತಿ ತಪ್ಪುತ್ತವೆ. ಮತ್ತೆ ಕೂಡಿಸಲು ತಿಳಿದವರನ್ನು ದೂರದಿಂದ ಕರೆಸಬೇಕು. ಉಳಿದದ್ದು ಎರಡು ದಾರಿ. ಒಂದು, ವೇದಿಕೆಗೆ ಹೊತ್ತೊಯ್ಯುವಂಥ 88 ಕೀಲಿಗಳ ಡಿಜಿಟಲ್ ಪಿಯಾನೊ. ಅದಕ್ಕೆ ಸ್ಟೇಜ್ ಪಿಯಾನೊ ಎನ್ನುತ್ತಾರೆ. ಇನ್ನೊಂದು, ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳುವ ಪಿಯಾನೊ ಸಾಫ್ಟ್‌ವೇರ್.

ಮೇಲ್ನೋಟಕ್ಕೆ ಗೆಲ್ಲುವುದು ಸಾಫ್ಟ್‌ವೇರೇ. ಕಾಲೇಜಿಗೆಂದು ಲ್ಯಾಪ್‌ಟಾಪು ಹೇಗೂ ಕೊಳ್ಳಬೇಕಿತ್ತು. ಒಳ್ಳೆಯ ಗ್ರ್ಯಾಂಡ್ ಪಿಯಾನೊದ ಒಂದೊಂದು ಸ್ವರವನ್ನೂ ಮೆತ್ತಗೆ, ಜೋರಾಗಿ, ಹತ್ತಾರು ಬಗೆಯಲ್ಲಿ ನುಡಿಸಿ ಧ್ವನಿಮುದ್ರಿಸಿ ಕೊಡುವ ಸಾಫ್ಟ್‌ವೇರುಗಳಿವೆ. ಯಮಹಾ ಸಿ5 ಪಿಯಾನೊದಿಂದ ಹೀಗೆ ತಯಾರಾದ ಸಲಮಾಂಡರ್ ಎಂಬುದು ಪುಕ್ಕಟೆಯಾಗಿಯೇ ಸಿಗುತ್ತದೆ. ಧ್ವನಿಮುದ್ರಣವೇ ಇಲ್ಲದೆ, ತಂತಿ ಹೇಗೆ ನಡುಗುತ್ತದೆಂಬ ಲೆಕ್ಕದಿಂದಲೇ ನಾದ ಹುಟ್ಟಿಸುವ ಪಿಯಾನೊಟೆಕ್ 2006ರಲ್ಲಿ ಫ್ರಾನ್ಸಿನಿಂದ ಬಂತು. ಅಂಗಡಿಯಲ್ಲಿ ನಾವು ನೋಡಿದ ಸ್ಟೇಜ್ ಪಿಯಾನೊಗಳ ಬೆಲೆ ಅರ್ಧ ಲಕ್ಷದ ಆಸುಪಾಸು. ಕರೆಂಟು ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ. ನಮ್ಮೂರಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಸಾಫ್ಟ್‌ವೇರಿಗೆ ನಾದವಿದೆ, ಕೀಲಿಗಳಿಲ್ಲ. ಅಕ್ಷರ ಒತ್ತುವ ಗುಂಡಿಗಳ ಮೇಲೆ ಪಿಯಾನೊ ಕಲಿಯಲಾಗದು. ಕೀಲಿಮಣೆಯನ್ನು ಬೇರೆಯೇ ಕೊಳ್ಳಬೇಕು. ಅದು 88 ಕೀಲಿಗಳದ್ದೂ, ಪಿಯಾನೊದಂತೆ ತೂಕವುಳ್ಳದ್ದೂ ಆಗಬೇಕೆಂದರೆ ಅದರ ಬೆಲೆಯೇ ಡಿಜಿಟಲ್ ಪಿಯಾನೊದ ಹತ್ತಿರ ಬರುತ್ತದೆ. ಇನ್ನೊಂದು ತೊಡಕು ತಡದ್ದು. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ 44,100 ತುಣುಕುಗಳ ಲೆಕ್ಕದಲ್ಲಿ ಕಟ್ಟು ಕಟ್ಟಾಗಿ ಹೊರಗೆ ಕಳಿಸುತ್ತದೆ. ಕಟ್ಟಿಗೆ 256 ತುಣುಕಾದರೆ ಸುಮಾರು 6 ಮಿಲಿಸೆಕೆಂಡು ತಡ. ಅಗ್ಗದ ಲ್ಯಾಪ್‌ಟಾಪು ಆ ವೇಗಕ್ಕೆ ಏದುಸಿರು ಬಿಟ್ಟು 1,024 ತುಣುಕಿನ ಕಟ್ಟು ಬೇಡಿದರೆ ತಡ 23 ಮಿಲಿಸೆಕೆಂಡಿಗೆ ಏರುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಸುಮಾರು 8 ಮೀಟರು ಸಾಗುತ್ತದೆ. ಅಂದರೆ ಬೆರಳು ಪಡಸಾಲೆಯಲ್ಲಿ, ಪಿಯಾನೊ ಹಿತ್ತಿಲಲ್ಲಿ!

ಪೇಟಿ ಕೇಳಿ ಬೆಳೆದ ನಮಗೆ ಕೀಲಿಯ ತೂಕ ಯಾಕೆ ಮುಖ್ಯವೆಂದು ತಟ್ಟನೆ ತಿಳಿಯುವುದಿಲ್ಲ. ಪೇಟಿಯ ಕೀಲಿಯನ್ನು ಎಷ್ಟು ಬಿರುಸಾಗಿ ಒತ್ತಿದರೂ ನಾದ ಜೋರಾಗದು. ಅದು ತಿದಿಯ ಗಾಳಿಗೆ ಬಿಟ್ಟ ವಿಷಯ. ಪಿಯಾನೊದಲ್ಲಿ ಕೀಲಿ ಇಳಿಯುವ ವೇಗದಿಂದಲೇ ಸ್ವರ ಪಿಸುಗುಟ್ಟುತ್ತದೆ, ಇಲ್ಲವೆ ಗುಡುಗುತ್ತದೆ. 1983ರಲ್ಲಿ ಬಂದ ಮಿಡಿ ಎಂಬ ಪದ್ಧತಿ ಈ ವೇಗವನ್ನು 1ರಿಂದ 127ರವರೆಗಿನ ಅಂಕಿಯಾಗಿ ಯಂತ್ರಕ್ಕೆ ತಿಳಿಸುತ್ತದೆ. ಕೀಲಿಯೇ ಹಗುರಾಗಿದ್ದರೆ ಬೆರಳು ಆ ಅಂತರಗಳನ್ನು ಕಲಿಯುವುದೆಲ್ಲಿ?

ಸಾಫ್ಟ್‌ವೇರಿನ ಪರವಾಗಿ ನನ್ನ ಮನಸ್ಸಿನಲ್ಲಿ ಒಂದು ಬಲವಾದ ಮಾತಿತ್ತು. ಅದು ಕುಂದಗೋಳದ ನೆನಪಿಗೆ ಸೇರಿದ್ದು. ಅಲ್ಲಿನ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು. 1910ರ ಆಸುಪಾಸಿನಲ್ಲಿ ಸಾಂಗಲಿಯ ಕೆ.ಬಿ. ದೇವಲ್, ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಮೊದಲಾದವರು 22 ಶ್ರುತಿಗಳನ್ನು ಅಳೆದು ಪೇಟಿಯಲ್ಲಿ ಕೂಡಿಸಲು ಹೊರಟಾಗ ಖಾನ್ ಸಾಹೇಬರ ಕಂಠ ಅದಕ್ಕೆ ನೆರವಾಗಿತ್ತು. ಹನ್ನೆರಡು ಸ್ವರಗಳನ್ನು ಸಮ ಅಂತರದಲ್ಲಿ ಬಿಗಿದಿಟ್ಟ ಕೀಲಿಮಣೆ ನಮ್ಮ ಹಾಡಿಕೆಗೆ ಒಗ್ಗದು ಎಂಬ ಜಗಳ ಅಷ್ಟು ಹಳೆಯದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದಕ್ಕೂ ಇಂಥ ವಾದವೇ ಬೆನ್ನಿಗಿತ್ತು. ಅಂದು ಪೇಟಿಯ ಸ್ವರದ ಪಟ್ಟಿಗಳನ್ನು ಕೆರೆದು ಕೆರೆದು ಮಾಡಬೇಕಿದ್ದ ಕೆಲಸವನ್ನು ಇಂದು ಸಾಫ್ಟ್‌ವೇರು ನಿಮಿಷದಲ್ಲಿ ಮಾಡುತ್ತದೆ. ಯಾವ ಸ್ವರವನ್ನಾದರೂ ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಅದರಿಂದ ಮೀಂಡು ಬಾರದು, ನಿಜ. ಆದರೂ ಖಾನ್ ಸಾಹೇಬರ ಕಾಲದವರು ಕಂಡರೆ ಇದನ್ನು ಕರಾಮತ್ತು ಎನ್ನುತ್ತಿದ್ದರು.

ಈ ತೂಕದ ಮಾತನ್ನು ನಮ್ಮೆಲ್ಲರಿಗಿಂತ ಬೇಗ ಹಿಡಿದವರು ಅಮ್ಮಿ, ಹುಡುಗಿಯ ನಾನಿ. ಅವರು ಜಮಖಾನೆ ನೇಯ್ದವರು. ನಿಂತ ಮಗ್ಗದ ಮುಂದೆ ಕುಳಿತು ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ನೂಲನ್ನು ಕೆಳಕ್ಕೆ ಕುಟ್ಟುವುದು ನವಲಗುಂದದ ನಮ್ಮ ಹೆಣ್ಣುಮಕ್ಕಳ ಹಳೆಯ ಕಸುಬು. "ಪಂಜಾ ಹಗೂರ ಇದ್ದರ ಕೈಗೆ ಅಳತಿ ಸಿಗಂಗಿಲ್ಲ. ಆಕೀಗೆ ಭಾರ ಇದ್ದದ್ದ ಕೊಡಸ್ರಿ" ಎಂದರು.

ತಂಗಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅವಳ ಕಾರಣ ದುಡ್ಡೂ ಅಲ್ಲ, ನಾದವೂ ಅಲ್ಲ. "ಭಾಯಿಜಾನ್, ಲ್ಯಾಪ್‌ಟಾಪಿನ ಮುಂದ ಕುಂತರ ಓದಾಕತ್ತಾಳ ಅಂತಾರ. ಪಡಸಾಲ್ಯಾಗ ಅಷ್ಟು ಉದ್ದಂದು ಇಟ್ಟರ ಬಂದವರೆಲ್ಲ ಕೇಳ್ತಾರ." ಸಂಗೀತದ ಬಗ್ಗೆ ನಮ್ಮ ಹಿರಿಯರಲ್ಲಿ ಎಂದೂ ಒಂದೇ ಅಭಿಪ್ರಾಯ ಇದ್ದದ್ದಿಲ್ಲ. ಖಾನ್ ಸಾಹೇಬರ ಹೆಸರು ಹೇಳಿ ಹೆಮ್ಮೆಪಡುವ ಮನೆಯಲ್ಲೂ ಹೆಣ್ಣುಮಗಳು ವಾದ್ಯದ ಮುಂದೆ ಕುಳಿತರೆ ದನಿ ತಗ್ಗಿಸುವ ರೂಢಿಯಿದೆ. ತಂಗಿಯ ಅಂಜಿಕೆಯನ್ನು ನಾನು ಹಗುರಾಗಿ ಕಾಣಲಾರೆ. ಮಗಳ ಬಗ್ಗೆ ಓಣಿಯವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವಳು, ನಾನಲ್ಲ. ಆದರೆ ಸಾಫ್ಟ್‌ವೇರಿನ ಗುಣವೆಂದು ಅವಳು ಎಣಿಸಿದ್ದು ನನಗೆ ಅದರ ದೋಷವಾಗಿ ಕಂಡಿತು. ಮುಚ್ಚಿಟ್ಟು ಕಲಿತ ವಿದ್ಯೆಯನ್ನು ಯಾರೂ ಬೈಯುವುದಿಲ್ಲ, ಆದರೆ ಯಾರೂ ತಿದ್ದುವುದೂ ಇಲ್ಲ. ನಮ್ಮೂರುಗಳಲ್ಲಿ ಪೇಟಿ ಉಳಿದು ಬಂದದ್ದು ಭಜನೆಗೆ, ನಾಟಕದ ತಾಲೀಮಿಗೆ ಮನೆಯಿಂದ ಮನೆಗೆ ಎರವಲು ಹೋಗಿ. ಲೈಸೆನ್ಸಿನ ಸಾಫ್ಟ್‌ವೇರು ಒಬ್ಬರ ಖಾತೆಗೆ ಕಟ್ಟಿದ್ದು. ಅದನ್ನು ನೆರೆಮನೆಗೆ ಕೊಡಲಾಗದು.

ಕೊನೆಗೆ ಕೊಂಡದ್ದು ಪಿಯಾನೊ. ಲ್ಯಾಪ್‌ಟಾಪು ಒಂದು ವರ್ಷ ಮುಂದಕ್ಕೆ ಹೋಯಿತು. ಅದರ ಕಷ್ಟವೆಲ್ಲ ಹುಡುಗಿಯದೇ. ನೋಟ್ಸುಗಳನ್ನು ಗೆಳತಿಯ ಮನೆಯಲ್ಲಿ ಕೂತು ಬರೆದುಕೊಳ್ಳುತ್ತಾಳೆ. ಲ್ಯಾಪ್‌ಟಾಪು ಬಂದ ದಿನ ಯುಎಸ್‌ಬಿ ವೈರಿನಿಂದ ಇದೇ ಕೀಲಿಮಣೆಗೆ ಸಾಫ್ಟ್‌ವೇರಿನ ನಾದವನ್ನೂ ಜೋಡಿಸಬಹುದು. ಇಂಥದೇ ಆಯ್ಕೆ ಎದುರಾದವರಿಗೆ ನನ್ನ ಮಾತು ಇಷ್ಟೆ: ಮೊದಲು ಕೀಲಿ, ಆಮೇಲೆ ನಾದ. ನಾದವನ್ನು ನಾಳೆ ಬದಲಿಸಬಹುದು, ಬೆರಳಿನ ರೂಢಿಯನ್ನು ಬದಲಿಸುವುದು ಕಷ್ಟ. ಎರೆಮಣ್ಣಿನ ಸೀಮೆಯವರು ಅದರ ಮೇಲೊಂದು ದಪ್ಪ ಬಟ್ಟೆ ಹೊದಿಸಲು ಮರೆಯಬೇಡಿ. ಕೀಲಿಗಳ ಕೆಳಗಿನ ರಬ್ಬರು ಪಟ್ಟಿಗೆ ಧೂಳು ಹೊಕ್ಕರೆ ಸ್ವರ ಮೂಕವಾಗುತ್ತದೆ, ಇಲ್ಲವೆ ಹೇಳದೆ ಕೇಳದೆ ಅರಚುತ್ತದೆ.

ಸ್ಟೇಜ್ ಪಿಯಾನೊಗಳಲ್ಲಿ ಸಾಮಾನ್ಯವಾಗಿ ಸ್ಪೀಕರು ಇರುವುದಿಲ್ಲ. ನಮ್ಮದಕ್ಕೂ ಇಲ್ಲ. ಈಗ ಹುಡುಗಿ ಪಡಸಾಲೆಯಲ್ಲಿ ಎಲ್ಲರ ಎದುರಿಗೇ ಕುಳಿತು ನುಡಿಸುತ್ತಾಳೆ. ಕಿವಿಗೆ ಹೆಡ್‌ಫೋನು. ನಮಗೆ ಕೇಳಿಸುವುದು ಕೀಲಿಗಳ ಟಕಟಕ ಮಾತ್ರ. "ಮಾಮೂ, ಸ್ಪೀಕರ್ ಯಾವಾಗ?" ಎಂದು ಮೊನ್ನೆ ಕೇಳಿದಳು. ನಾನು ತಂಗಿಯ ಮುಖ ನೋಡಿದೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಬೆಲೆ ಎಷ್ಟಂತೆ ಎಂದು ಕೇಳಿದಳು.