ಯಾವ ಕೆಂಪು ಬಳಿಯೋಣ?

ಆಸ್ತಿಗಾಗಿ ನಮ್ಮ ಮನೆಯಲ್ಲಿ ಯಾರೂ ಜಗಳವಾಡಿಲ್ಲ. ಆ ಕೊರತೆಯನ್ನು ಟ್ರ್ಯಾಕ್ಟರು ತುಂಬಿಕೊಟ್ಟಿದೆ. ತಮ್ಮ ಬೆಂಗಳೂರಿನಿಂದ ಬಂದ ರಾತ್ರಿ, ರೊಟ್ಟಿ ಮುಗಿದು ಅನ್ನ ಬಡಿಸುವ ಹೊತ್ತಿಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ: ಕೊಟ್ಟಿಗೆಯಲ್ಲಿರುವ ಹಳೆಯ ಮ್ಯಾಸಿ ಫರ್ಗ್ಯೂಸನ್ 1035ಕ್ಕೆ ಯಾವ ಬಣ್ಣ? ಕಾರ್ಖಾನೆಯಿಂದ ಇಳಿದ ದಿನ ಇದ್ದ ಕೆಂಪೇ ಆಗಬೇಕೆಂದು ತಮ್ಮ. ಬಣ್ಣವೇ ಬೇಡ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕೆಂದು ಅಪ್ಪ. “ಗುಜರಿಯವನಿಗೆ ಕೊಟ್ರೆ ಆ ಜಾಗದಾಗೆ ಎರಡು ಎಮ್ಮೆ ಕಟ್ಟಬಹುದು” ಎಂದು ಅಮ್ಮ. ನಾನು ಎಲ್ಲರ ಮಾತಿಗೂ ಹೂಂಗುಟ್ಟುತ್ತೇನೆ. ದೊಡ್ಡ ಮಗನಾದವನು ಮತ್ತೇನು ಮಾಡಬಲ್ಲ?

ಅಜ್ಜ ಅದನ್ನು ಕೊಂಡದ್ದು 1976ರಲ್ಲಿ. ದಾವಣಗೆರೆ ಸೀಮೆಯ ನಮ್ಮ ಹೊಲಗಳು ಭದ್ರಾ ಕಾಲುವೆಯ ನೀರು ಕುಡಿದು ಗದ್ದೆಗಳಾಗಿದ್ದ ಕಾಲ. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಾಲವೂ ಕಾಲುವೆಯ ಹಿಂದೆಯೇ ಹಳ್ಳಿಗೆ ಹರಿದು ಬಂದಿತ್ತು. ಮದ್ರಾಸಿನಲ್ಲಿ 1960ರಲ್ಲಿ ಹುಟ್ಟಿದ ಟಾಫೆ ಕಂಪನಿ ಮ್ಯಾಸಿ ಫರ್ಗ್ಯೂಸನ್ ಜೊತೆ ಸೇರಿ ಈ ಕೆಂಪು ಗಾಡಿಗಳನ್ನು ಮಾಡುತ್ತಿತ್ತು. ಒಳಗಿದ್ದದ್ದು ಅದೇ ಊರಿನ ಸಿಂಪ್ಸನ್ ಎಂಜಿನ್ನು, ಇಂಗ್ಲೆಂಡಿನ ಪರ್ಕಿನ್ಸ್ ನಕ್ಷೆಯದು, ಮೂರು ಸಿಲಿಂಡರು. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ ಅಜ್ಜ ಎರಡು ಜೊತೆ ಎತ್ತಿನಲ್ಲಿ ಒಂದು ಜೊತೆಯನ್ನಷ್ಟೇ ಮಾರಿದರು. ಕಬ್ಬಿಣ ಯಾವತ್ತು ಕೈಕೊಡುತ್ತದೋ ಎಂಬ ಗುಮಾನಿ ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ಹೊಸ ಟ್ರ್ಯಾಕ್ಟರು ಬಂದ ಮೇಲೆ ಇದು ಹುಣಸೆಮರದ ಕೆಳಗೆ ಕೂತಿತು. ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಟ್ಟವು. ಕೊರೊನಾ ಕಾಲದಲ್ಲಿ ತಮ್ಮ ಲ್ಯಾಪ್‌ಟಾಪು ಹಿಡಿದು ಊರಿಗೆ ಬಂದು ತಿಂಗಳುಗಟ್ಟಲೆ ಉಳಿಯದಿದ್ದರೆ ಅಲ್ಲೇ ಮಣ್ಣಾಗುತ್ತಿತ್ತು. ಹೊತ್ತು ಹೋಗದೆ ಒಂದು ಸಂಜೆ ಬಾನೆಟ್ಟು ಎತ್ತಿದ. ನನ್ನ ಮಗಳು ಪಕ್ಕದಲ್ಲಿ ಟಾರ್ಚು ಹಿಡಿದಳು. ಅಪ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು “ಹಂಗಲ್ಲ, ಹಂಗಲ್ಲ” ಅನ್ನುತ್ತಾ, ಕುರ್ಚಿಯನ್ನು ದಿನಕ್ಕಿಷ್ಟು ಮುಂದೆ ಎಳೆದುಕೊಂಡು, ಕೊನೆಗೆ ಪಾನಾ ಕಿತ್ತುಕೊಂಡರು.

ಎಂಜಿನ್ನು ಜಾಮಾಗಿತ್ತು. ನಾಝಲ್ ಬಿಚ್ಚಿ ಸಿಲಿಂಡರಿಗೆ ಡೀಸೆಲ್ ಸುರಿದು ನೆನೆಯಲು ಬಿಟ್ಟೆವು. ತಮ್ಮ ಬೆಂಗಳೂರಿನಿಂದ ತರಿಸಿದ ಥಳಥಳಿಸುವ ಪಾನಾ ಸೆಟ್ಟು ಒಂದು ನಟ್ಟಿಗೂ ಕೂರಲಿಲ್ಲ. ದೇಶ ಮೆಟ್ರಿಕ್ ಅಳತೆಗೆ ಹೋಗಿ ಎಷ್ಟೋ ವರ್ಷವಾದ ಮೇಲೆ ಹುಟ್ಟಿದ ಗಾಡಿಯಾದರೂ ಇದರ ನಟ್ಟುಬೋಲ್ಟುಗಳೆಲ್ಲ ಇಂಗ್ಲೆಂಡಿನ ಇಂಚಿನ ಲೆಕ್ಕದವು. ಅಪ್ಪ ಅಟ್ಟದಿಂದ ಅಜ್ಜನ ಗೋಣಿಚೀಲ ಇಳಿಸಿದರು. ಅದರಲ್ಲಿದ್ದವು ಕೂತವು. ಸವೆದ ಶಾಫ್ಟನ್ನು ದಾವಣಗೆರೆಯ ಲೇತಿಗೆ ಒಯ್ದೆವು. ಆ ಲೇತು ಹರಿಹರದ ಮೈಸೂರು ಕಿರ್ಲೋಸ್ಕರದ್ದು. ಕಾರ್ಖಾನೆ ಬಾಗಿಲು ಮುಚ್ಚಿ ವರ್ಷಗಳಾದರೂ ಅದರ ಲೇತುಗಳು ಈ ಸೀಮೆಯ ಗ್ಯಾರೇಜುಗಳಲ್ಲಿ ಇನ್ನೂ ತಿರುಗುತ್ತಿವೆ. ಅದನ್ನು ನೋಡಿದಾಗ ನನಗೆ ಟ್ರ್ಯಾಕ್ಟರಿಗಿಂತ ಲೇತಿನ ಮೇಲೆಯೇ ಹೆಚ್ಚು ಗೌರವ ಬಂತು. ತಮ್ಮನಿಗೆ ಇದನ್ನು ಹೇಳಿಲ್ಲ.

ಹಿಂದಿನ ಲಿಫ್ಟು ಬಿಚ್ಚಿದ ದಿನವೇ ನಿಜವಾದ ಜಗಳ ಹುಟ್ಟಿದ್ದು. ಅದನ್ನು ಹೇಳಲು ಹ್ಯಾರಿ ಫರ್ಗ್ಯೂಸನ್‌ನನ್ನು ಕರೆತರಬೇಕು. ಉತ್ತರ ಐರ್ಲೆಂಡಿನ ರೈತನ ಮಗ. 1909ರಲ್ಲಿ ತಾನೇ ಕಟ್ಟಿದ ವಿಮಾನ ಹಾರಿಸಿದ ಆಸಾಮಿ. ಅವನ ಕಾಲದ ಟ್ರ್ಯಾಕ್ಟರುಗಳು ನೇಗಿಲನ್ನು ಹಿಂದೆ ಕಟ್ಟಿಕೊಂಡು ಸುಮ್ಮನೆ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕಿತೆಂದರೆ ಚಕ್ರ ನಿಲ್ಲದೆ, ಮೂತಿ ಮೇಲೆದ್ದು, ಇಡೀ ಯಂತ್ರ ಓಡಿಸುವವನ ಮೇಲೆಯೇ ಮಗುಚಿಕೊಳ್ಳುವುದಿತ್ತು. ಫರ್ಗ್ಯೂಸನ್ ನೇಗಿಲನ್ನು ಮೂರು ಕಡೆ ಹಿಡಿಸಿದ: ಕೆಳಗೆ ಎರಡು ತೋಳು, ಮೇಲೊಂದು. ನೆಲ ಗಟ್ಟಿಯಾದರೆ ಮೇಲಿನ ತೋಳು ಮುಂದಕ್ಕೆ ಒತ್ತುತ್ತದೆ, ಸೀಟಿನ ಹಿಂದಿನ ದಪ್ಪ ಸ್ಪ್ರಿಂಗು ಕುಗ್ಗುತ್ತದೆ, ಹೈಡ್ರಾಲಿಕ್ ವಾಲ್ವು ಅದನ್ನರಿತು ನೇಗಿಲನ್ನು ಕೊಂಚ ಎತ್ತುತ್ತದೆ. ಎಳೆತದ ಭಾರ ಹಿಂದಿನ ಚಕ್ರದ ಮೇಲೆ ಕೂರುವುದರಿಂದ ಹಗುರ ಗಾಡಿಯೂ ಜಾರದೆ ಉಳುತ್ತದೆ. ಇವತ್ತು ನಮ್ಮೂರಿನಲ್ಲಿ ಓಡುವ ಯಾವ ಕಂಪನಿಯ ಟ್ರ್ಯಾಕ್ಟರಿನ ಬೆನ್ನಿಗೂ ಅದೇ ಮೂರು ತೋಳು. ಈ ಉಪಾಯ ಹಿಡಿದು ಅವನು 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈ ಕುಲುಕಿ ವ್ಯವಹಾರ ಕುದುರಿಸಿದ. ಫೋರ್ಡ್‌ನ ಮೊಮ್ಮಗನ ಕಾಲಕ್ಕೆ ಅದು ನಮ್ಮೂರಿನ ಬಾಯಿಮಾತಿನ ಪಾಲುಪಟ್ಟಿಗಳ ಹಾಗೆ ಕೋರ್ಟು ಹತ್ತಿತು. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು.

ಇಷ್ಟನ್ನೂ ತಮ್ಮ ನನ್ನ ಮಗಳಿಗೆ ವಿವರಿಸುತ್ತಾ ಆ ಮೇಲಿನ ತೋಳಿಗೆ ಕೈ ಹಾಕಿದರೆ, ಪಿನ್ನಿರಬೇಕಾದ ಜಾಗದಲ್ಲಿ ಎತ್ತಿನಗಾಡಿಯ ಕಡೆಗೀಲು! ಪಿನ್ನು ಯಾವಾಗಲೋ ಮುರಿದಾಗ ಅಜ್ಜ ಹೊಡೆದದ್ದು. ತಮ್ಮ ಕೂಡಲೇ ಫೋನು ತೆಗೆದು ಅಸಲಿ ಪಿನ್ನು ಹುಡುಕಿದ. ಅಪ್ಪ ಕಡೆಗೀಲನ್ನು ಒರೆಸಿ ಜೇಬಿಗೆ ಹಾಕಿಕೊಂಡರು. “ಅಸಲಿ ಅಂದ್ರೆ ಯಾವುದು? ಮೂವತ್ತು ವರ್ಷ ಉತ್ತಿದ್ದು ಇದು. ನಿನ್ನ ಪಿನ್ನು ಎಲ್ಲಿ ಉತ್ತೈತೆ?”

ನನಗೆ ಈ ಪ್ರಶ್ನೆ ದಾಟಲಾಗಿಲ್ಲ. ಇಂಗ್ಲೆಂಡಿನವರು ಇಂಥ ಗಾಡಿಗಳನ್ನು ಸಿದ್ಧಗೊಳಿಸುವಾಗ ಬೋಲ್ಟಿನ ತಲೆಯ ಗುರುತಿನವರೆಗೂ ಕಾರ್ಖಾನೆಯದ್ದೇ ಹುಡುಕುತ್ತಾರಂತೆ. ತಮ್ಮ ಅವರ ವಿಡಿಯೊಗಳನ್ನು ನೋಡಿ ಕೆಟ್ಟಿದ್ದಾನೆ. ಆದರೆ ನಮ್ಮ ಗಾಡಿ ಕಾರ್ಖಾನೆಯದ್ದಾಗಿದ್ದು ಕೆಲವೇ ವಾರ. ಉಳಿದ ಆಯಸ್ಸೆಲ್ಲ ಕೆಸರುಗದ್ದೆಯಲ್ಲಿ ಕೇಜ್‌ವ್ಹೀಲ್ ಕಟ್ಟಿಕೊಂಡು, ಕಬ್ಬು ಹೇರಿಕೊಂಡು, ಮದುವೆ ದಿಬ್ಬಣ ಹೊತ್ತುಕೊಂಡು ಕಳೆಯಿತು. ಮಗಳು ಮಡ್‌ಗಾರ್ಡನ್ನು ಎಮರಿ ಕಾಗದದಿಂದ ತಿಕ್ಕಿದಾಗ ಮೇಲೆ ಮಂಕಾದ ಕೆಂಪು, ಕೆಳಗೆ ಯಾವುದೋ ವರ್ಷ ಬಾಗಿಲಿಗೆ ಬಳಿದು ಉಳಿದಿದ್ದ ನೀಲಿ, ಅದರ ಕೆಳಗೆ ಮೊದಲ ಕೆಂಪು, ಅದರ ಮೇಲೆ ಹಳದಿಯಲ್ಲಿ ಪೇಂಟರ್ ಬರೆದ ‘ಶ್ರೀ ಹರಿಹರೇಶ್ವರ ಪ್ರಸನ್ನ’. ಕಾರ್ಖಾನೆಯ ಕೆಂಪಿಗೆ ಹೋಗಬೇಕೆಂದರೆ ಹರಿಹರೇಶ್ವರನನ್ನು ತಿಕ್ಕಿ ಅಳಿಸಬೇಕು. ಅಲ್ಲಿಗೆ ತಮ್ಮನ ವಾದ ಬಿತ್ತು. ಅಮ್ಮ ಎಮ್ಮೆಯ ಪಕ್ಷ ಬಿಟ್ಟು ದೇವರ ಪಕ್ಷಕ್ಕೆ ಬಂದಿದ್ದರು.

ಕೊನೆಗೆ ಬಾನೆಟ್ಟಿಗೆ ಮಾತ್ರ ಹೊಸ ಕೆಂಪು, ಮಡ್‌ಗಾರ್ಡು ಇದ್ದ ಹಾಗೆ. ನೋಡಲು ಚೆನ್ನಾಗಿಲ್ಲ, ನಿಜ. ಎಂಜಿನ್ನು ಶುರು ಮಾಡುವ ದಿನ ಡೀಸೆಲ್ ಲೈನಿನ ಗಾಳಿ ತೆಗೆದವಳು ಮಗಳೇ: ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿದು, ಮುಂದಿನದಕ್ಕೆ ಹೋಗಿ. ಬುಡಬುಡ ಎಂದು ಮೂರೂ ಸಿಲಿಂಡರು ಹಿಡಿದವು. ಕರೀ ಹೊಗೆಗೆ ಅಮ್ಮ ಒಣಹಾಕಿದ್ದ ಸಂಡಿಗೆ ಬಲಿಯಾಯಿತು. ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಹೋದ ವಾರ ತಮ್ಮ ಹೊನ್ನಾಳಿ ಕಡೆಯಿಂದ ಫೋಟೊ ಕಳಿಸಿದ: ಯಾರದೋ ಹಿತ್ತಿಲಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಎಚ್‌ಎಂಟಿ ಜೆಟಾರ್ 2511. ನಮ್ಮ ಕೈಗಡಿಯಾರದ ಎಚ್‌ಎಂಟಿಯವರೇ 1971ರಿಂದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ನಕ್ಷೆ ಹಿಡಿದು ಮಾಡಿದ್ದು, ಎರಡೇ ಸಿಲಿಂಡರು. ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು ಕೆಳಗೆ ಬರೆದಿದ್ದ. ನಾನು ಹೇಳಲಿಲ್ಲ. ಆದರೆ ಫೋಟೊ ಅಪ್ಪನಿಗೂ ಹೋಗಿತ್ತೆಂದು ಕಾಣುತ್ತದೆ. ಮಧ್ಯಾಹ್ನ ಅಮ್ಮ ನಿದ್ದೆ ಹೋದ ಹೊತ್ತಿನಲ್ಲಿ ಅವರು ಟೇಪಿನ ಒಂದು ತುದಿ ಮೊಮ್ಮಗಳ ಕೈಗೆ ಕೊಟ್ಟು, ಎಮ್ಮೆ ಕಟ್ಟುವ ಅಂಕಣ ಅಳೆಯುತ್ತಿದ್ದರು.