ಮೂರು ಜನ, ಒಂದು ಕೋಟು, ಹನ್ನೊಂದು ಬೆಂಕಿಕಡ್ಡಿ

ಬಿಟಿಎಂ ಲೇಔಟ್‌ನ ಒಂದೇ ರೂಮಿನಲ್ಲಿ ನಾವು ಮೂವರಿದ್ದೇವೆ. ಒಬ್ಬ ಗದಗದ ಕಡೆಯವನು, ಒಬ್ಬ ಪಾವಗಡದವನು, ಇನ್ನೊಬ್ಬ ಚಾಮರಾಜನಗರದವನು. ಮೂವರಿಗೂ ಸೇರಿ ಒಂದು ಲ್ಯಾಪ್‌ಟಾಪು. ರಾತ್ರಿ ಊಟ ಆದಮೇಲೆ ಒಂದು ಗಂಟೆ ಅದರಲ್ಲಿ ಒಂದು ಆಟ ಆಡುತ್ತೇವೆ. ಒಬ್ಬ ಆಡ್ತಾನೆ, ಇಬ್ಬರು ಪಕ್ಕದಲ್ಲಿ ಕೂತು ಬೈತಾರೆ.

ಆಟದ ಹೆಸರು ‘ದಿ ಲಾಂಗ್ ಡಾರ್ಕ್’. ಕೆನಡಾದ ಹಿಂಟರ್‌ಲ್ಯಾಂಡ್ ಅನ್ನೋ ಕಂಪನಿ ಮಾಡಿದ್ದು. 2014ರಲ್ಲಿ ಇನ್ನೂ ಪೂರ್ತಿ ಆಗದ ರೂಪದಲ್ಲೇ ಜನರ ಕೈಗೆ ಬಂತು, 2017ರ ಆಗಸ್ಟ್‌ನಲ್ಲಿ ಪೂರ್ತಿ ಬಿಡುಗಡೆ ಆಯ್ತು. ಆಮೇಲೂ ವರ್ಷಗಟ್ಟಲೆ ಹೊಸ ಹೊಸ ಜಾಗ, ಹೊಸ ಹೊಸ ಕಷ್ಟ ಸೇರಿಸುತ್ತಲೇ ಬಂದಿದ್ದಾರೆ. ನಿಮ್ಮ ಕೈಲಿರೋ ಫೋನಲ್ಲಿ ಇದು ನಡೆಯಲ್ಲ. ಹುಡುಕೋಕೆ ಹೋಗಬೇಡಿ, ಕಥೆ ನಾವೇ ಹೇಳ್ತೀವಿ.

ಆಕಾಶದಲ್ಲಿ ಕಾಂತದ ಬಿರುಗಾಳಿ ಎದ್ದು ಕರೆಂಟು ಹೋಗಿದೆ. ನಮ್ಮೂರಲ್ಲಿ ಹೋದಂಗಲ್ಲ, ವಾಪಸ್ ಬರೋದೇ ಇಲ್ಲ. ಉತ್ತರ ಕೆನಡಾದ ಒಂದು ಹಿಮದ ದ್ವೀಪದಲ್ಲಿ ನೀವು ಒಬ್ಬರೇ. ದೆವ್ವ ಇಲ್ಲ, ಶತ್ರು ಸೈನ್ಯ ಇಲ್ಲ. ತೋಳ, ಕರಡಿ ಇವೆ, ಆದರೆ ಅವಕ್ಕಿಂತ ಹೆಚ್ಚು ಕಾಡೋದು ಚಳಿ. ನಾವು ಆಡೋ ಬಗೆಯಲ್ಲಿ ಗೆಲ್ಲೋದು ಅಂತ ಏನೂ ಇಲ್ಲ. ಎಷ್ಟು ದಿನ ಬದುಕಿದಿರಿ ಅನ್ನೋದಷ್ಟೇ ಲೆಕ್ಕ. ಸತ್ತರೆ ಆ ಜೀವ ಅಳಿಸಿ ಹೋಗುತ್ತೆ, ಹಿಂದಿನ ದಿನಕ್ಕೆ ಹೋಗಿ ಮತ್ತೆ ಶುರು ಮಾಡೋಕೆ ಆಗಲ್ಲ. ನಮ್ಮ ಒಂದೇ ಜೀವವನ್ನು ತಿಂಗಳುಗಟ್ಟಲೆ ಕಾಪಾಡಿಕೊಂಡು ಬಂದಿದ್ದೇವೆ.

ಈ ಆಟದಲ್ಲಿ ಬಟ್ಟೆಯೇ ಆಸ್ತಿ. ಮೈಗೆ ಒಳಗೊಂದು, ಹೊರಗೊಂದು ಅಂತ ಪದರ ಪದರವಾಗಿ ಹಾಕಬೇಕು. ಪ್ರತಿ ಬಟ್ಟೆಗೂ ಒಂದು ಶೇಕಡಾ ಲೆಕ್ಕ ಇರುತ್ತೆ. ಹಾಕಿಕೊಂಡು ಓಡಾಡಿದಷ್ಟೂ ಸವೆಯುತ್ತೆ, ತೋಳ ಮೇಲೆ ಬಿದ್ದರೆ ಹರಿಯುತ್ತೆ. ಸವೆದಷ್ಟೂ ಬೆಚ್ಚಗಿರೋದು ಕಡಿಮೆ. ಸೊನ್ನೆಗೆ ಇಳಿದರೆ ಆ ಬಟ್ಟೆ ಇಲ್ಲ ಅಂತಲೇ ಅರ್ಥ. ತೆಳು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದರಂತೂ ಹಾಕಿದ್ದೆಲ್ಲ ನೆನೆದು, ಮೈಮೇಲೇ ಹೆಪ್ಪುಗಟ್ಟುತ್ತೆ. ಬಿಚ್ಚಿ ಬೆಂಕಿ ಪಕ್ಕ ಹರವಿ ಕಾಯಬೇಕು.

ಹೊಲಿಯೋಕೆ ಸೂಜಿ ದಾರದ ಪೆಟ್ಟಿಗೆ ಬೇಕು, ಅದೂ ಸವೆಯುತ್ತೆ. ಅದು ಸಿಗದಿದ್ದರೆ ಮೀನಿನ ಗಾಳದಿಂದಲೂ ಹೊಲಿಯಬಹುದು. ಬಟ್ಟೆ ಎಲ್ಲಿಂದ? ಖಾಲಿ ಮನೆಗಳ ಕಿಟಕಿ ಪರದೆ ಹರಿದು. ಹಳೆ ಅಂಗಿ ಹರಿದು. ಹೊಲಿಗೆ ಕೆಟ್ಟರೆ ಹಾಕಿದ ತುಂಡೂ ಹೋಯ್ತು. ಆಮೇಲೆ ಚರ್ಮ. ಮೊಲದ ಚರ್ಮ ಒಣಗೋಕೆ 3 ದಿನ, ಜಿಂಕೆದು 5, ತೋಳದ್ದು 7, ಕರಡಿದು 12 ದಿನ. ಮನೆಯೊಳಗೆ ನೆಲದ ಮೇಲೆ ಹಾಸಿಟ್ಟು ಕಾಯಬೇಕು. ಅವಸರ ಮಾಡೋಕೆ ಯಾವ ದಾರಿಯೂ ಇಲ್ಲ. ಈ ಕಾಯೋ ಭಾಗವೇ ನಮಗೆ ಬಹಳ ಇಷ್ಟ.

ಗದಗದವನು ಮೊದಲ ಸಲ ಪರದೆ ಹರಿದು ತೇಪೆ ಹಾಕಿದಾಗ, “ಇದೇನ್ರೋ, ನಮ್ಮಜ್ಜಿ ಕೌದಿ ಹೊಲಿದಂಗೈತಿ” ಅಂದ. ನಿಜ ಅಲ್ವಾ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ, ಕುಬಸ ಯಾವುದನ್ನೂ ಬಿಸಾಡುತ್ತಿರಲಿಲ್ಲ. ಒಂದರ ಮೇಲೊಂದು ಹಾಸಿ, ಉದ್ದಕ್ಕೆ ಓಡುಹೊಲಿಗೆ ಹಾಕಿದರೆ ಕೌದಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿ ಈಗ ಪ್ರದರ್ಶನಗಳಲ್ಲಿ ಮಾರಾಟ ಆಗುತ್ತೆ. ಅವನ ಅಜ್ಜಿಯ ಕೌದಿ ನಮ್ಮ ರೂಮಿನಲ್ಲೇ ಇದೆ. ಅದರ ಒಂದು ಮೂಲೆಯಲ್ಲಿ ಅವನ ಒಂದನೇ ಕ್ಲಾಸಿನ ಯೂನಿಫಾರಂ ಚಡ್ಡಿಯ ನೀಲಿ ತುಂಡಿದೆ. ಬೆಂಗಳೂರಿನ ಚಳಿಗೆ ಅದು ಧಾರಾಳ ಸಾಕು. ಈ ಊರಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆಟದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತೆ. ನೋಡ್ತಾ ನೋಡ್ತಾ ನಾವೂ ಕೌದಿ ಎಳೆದುಕೊಳ್ತೀವಿ.

ನೀರಿನ ವಿಷಯ ಇನ್ನೂ ತಮಾಷೆ. ಆಟದಲ್ಲಿ ಸುತ್ತ ಎಲ್ಲಿ ನೋಡಿದರೂ ಹಿಮ, ಅಂದರೆ ನೀರೇ. ಆದರೆ ಒಂದು ಲೋಟ ಕುಡಿಯೋಕೆ ಬೆಂಕಿ ಹಚ್ಚಬೇಕು, ಕರಗಿಸಬೇಕು, ಕುದಿಸಬೇಕು. ಬೆಂಕಿಗೆ ಸೌದೆ ಬೇಕು, ಕಡ್ಡಿ ಬೇಕು. ಬಿಸಿಲಿದ್ದರೆ ಭೂತಗನ್ನಡಿ ಹಿಡಿದು ಹಚ್ಚಬಹುದು, ಮೋಡ ಇದ್ದರೆ ಅದೂ ಇಲ್ಲ. ನಾವು ಇಲ್ಲಿಗೆ ಬಂದಿದ್ದು 2024ರ ಬೇಸಿಗೆಗೆ ಸರಿಯಾಗಿ. ಕೊಳವೆಬಾವಿಗಳು ಬತ್ತಿದ್ದವು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತ್ತು. ನಮ್ಮ ಹತ್ತಿರ ಕಾರಿರಲಿಲ್ಲ, ತೊಳೆಯೋಕೆ ನೀರೂ ಇರಲಿಲ್ಲ, ಹಾಗಾಗಿ ದಂಡದ ಭಯ ಇರಲಿಲ್ಲ. ಖಾಸಗಿ ಟ್ಯಾಂಕರಿಗೆ ಸರ್ಕಾರ ದರ ಗೊತ್ತು ಮಾಡಿತ್ತು, 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ನಮ್ಮ ಬೀದಿಗೆ ಬರುತ್ತಿದ್ದ ಟ್ಯಾಂಕರಿನವರು ಆ ದರ ಕೇಳಿದರೆ ನಗುತ್ತಿದ್ದರು.

ಆಗ ಕಲಿತ ಪದ್ಧತಿ ಈಗಲೂ ನಡೀತಿದೆ. ಜೀನ್ಸ್ ಮೂರು ವಾರಕ್ಕೊಮ್ಮೆ. ಅಂಗಿ ಎರಡು ದಿನ. ಬಟ್ಟೆ ಜಾಲಾಡಿದ ನೀರು ಬಕೆಟಲ್ಲಿ ಉಳಿದು ಟಾಯ್ಲೆಟ್ಟಿಗೆ. ಪಾವಗಡದವನಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. “ನಮ್ಮೂರಲ್ಲಿ ಇದಕ್ಕೆ ಬರಗಾಲ ಅನ್ನಲ್ಲ ಕಣ್ರೋ, ಸೋಮವಾರ ಅಂತಾರೆ” ಅಂದಿದ್ದ.

ಇನ್ನು ಕೋಟು. ಮೂವರಿಗೂ ಸೇರಿ ಇಂಟರ್‌ವ್ಯೂಗೆ ಹಾಕುವಂಥ ಕೋಟು ಒಂದೇ. ಪಾವಗಡದವನ ಅಕ್ಕನ ಮದುವೆಗೆ ಹೊಲಿಸಿದ್ದು. ಇಬ್ಬರಿಗೆ ಸರಿ ಆಗುತ್ತೆ. ಚಾಮರಾಜನಗರದವನು ಉದ್ದ, ಅವನಿಗೆ ಮಣಿಕಟ್ಟು ಕಾಣುತ್ತಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಕಡೆ ಫುಟ್‌ಪಾತ್ ಮೇಲೆ ಮಿಷಿನ್ ಇಟ್ಟುಕೊಂಡು ಆಲ್ಟರೇಶನ್ ಮಾಡೋ ಒಬ್ಬರು ತೋಳಿನ ಮಡಿಕೆ ಬಿಚ್ಚಿ ಒಂದಿಂಚು ಇಳಿಸಿಕೊಟ್ಟರು. ಮೊಣಕೈ ಹತ್ತಿರ ಸಣ್ಣ ತೂತಿತ್ತು, ಅದನ್ನು ಒಳಗಿನ ಬಟ್ಟೆಯ ದಾರವನ್ನೇ ಎಳೆದು ಕಾಣದ ಹಾಗೆ ಹೆಣೆದರು. ಅರ್ಧ ಗಂಟೆ ನಿಂತು ನೋಡಿದೆವು. ಆಟದಲ್ಲಿ ಹೊಲಿಗೆಗೆ ಐದು ಹಂತದ ಪಳಗುವಿಕೆ ಇದೆ. ಅವರನ್ನು ಎಷ್ಟನೇ ಹಂತಕ್ಕೆ ಹಾಕಬೇಕೋ ಗೊತ್ತಾಗಲಿಲ್ಲ.

ಚಾಮರಾಜನಗರದವನ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು. ಅವನಿದ್ದ ಕಡೆ ಎರಡು ತಿಂಗಳ ಸಂಬಳ ಇನ್ನೂ ಬಾಕಿ. ಮನೆಗೆ ಹೇಳಿಲ್ಲ. ಬಾಡಿಗೆಯಲ್ಲಿ ಅವನ ಪಾಲನ್ನು ಉಳಿದಿಬ್ಬರು ಹಾಕುತ್ತಿದ್ದೇವೆ, ಅವನು ಅಡುಗೆ, ನೀರು ನೋಡಿಕೊಳ್ತಾನೆ. ಕಳೆದ ತಿಂಗಳು ಬ್ಯಾಗು ಕಟ್ಟಿ ಕೂತಿದ್ದ, ಊರಿಗೆ ಹೋಗ್ತೀನಿ ಅಂತ. “ನಾನು ನಿಮಗೆ ಭಾರ” ಅಂದ. ಆ ಮಾತಿಗೆ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಾದಮೇಲೆ ಗದಗದವನು ಲ್ಯಾಪ್‌ಟಾಪ್ ತೆಗೆದು ಅವನ ಮುಂದೆ ಇಟ್ಟ.

ಆಟದಲ್ಲಿ ನಾವು ಹೊರಬಹುದಾದ್ದು 30 ಕಿಲೋ. ಅದಕ್ಕಿಂತ ಹೆಚ್ಚಾದರೆ ನಡಿಗೆ ನಿಧಾನ, ಸುಸ್ತು ಬೇಗ. ಹಾಗಾಗಿ ಪ್ರತಿ ಪ್ರಯಾಣಕ್ಕೂ ಮೊದಲು ಏನು ಬಿಡಬೇಕು ಅಂತ ಜಗಳ. ಆವತ್ತು ಸೂಜಿಪೆಟ್ಟಿಗೆ ಕೊನೆಯದಿತ್ತು. ಕೋಟು 38 ಪರ್ಸೆಂಟು, ಬೂಟು 41. ಎರಡರಲ್ಲಿ ಒಂದನ್ನೇ ಸರಿಮಾಡಬಹುದು. ಕೋಟು ಅಂದ ಒಬ್ಬ, ಬೂಟು ಅಂದ ಇನ್ನೊಬ್ಬ. ಚಾಮರಾಜನಗರದವನು ಬಹಳ ಹೊತ್ತು ನೋಡಿ, ಹೆಚ್ಚುವರಿ ಅಂತ ಹೊತ್ತಿದ್ದ ಎರಡು ಸ್ವೆಟರ್ ಹರಿದು ತುಂಡು ಮಾಡಿದ, ಕೋಟಿಗೆ ಹಾಕಿದ. ಬೂಟಿಗೆ ಜಿಂಕೆ ಚರ್ಮ ಕಾಯೋಣ ಅಂದ. “ಐದು ದಿನ ತಾನೆ, ಹೊರಗೆ ಹೋಗೋದು ಬೇಡ, ಇರೋದ್ರಲ್ಲಿ ತಿಂದ್ಕೊಂಡಿರೋಣ.”

ಬ್ಯಾಗು ಬಿಚ್ಚಿದ್ದು ಯಾವಾಗ ಅಂತ ನಾವು ನೋಡಲಿಲ್ಲ. ಬೆಳಿಗ್ಗೆ ಅವನ ಟವೆಲು ಕಂಬಿ ಮೇಲಿತ್ತು.

ಆಟ ಆಡಿ ಹಾಳಾಗ್ತೀರಿ ಅಂತ ಊರಲ್ಲಿ ಹಿರಿಯರು ಬೈಯೋದುಂಟು. ದುಡ್ಡು ಕಟ್ಟಿ ಆಡೋ ಆಟಗಳಲ್ಲಿ ಮನೆಗಳು ಹಾಳಾಗಿದ್ದನ್ನು ನಾವೂ ಕಂಡಿದ್ದೇವೆ, ಅದರ ಬಗ್ಗೆ ಬೇರೆಯೇ ಬರೀಬೇಕು. ಇದು ಆ ಜಾತಿಯದ್ದಲ್ಲ. ಆದರೂ ಒಂದು ಗಂಟೆ ಆದಕೂಡಲೇ ಮುಚ್ಚಿಬಿಡ್ತೀವಿ, ಕರೆಂಟ್ ಬಿಲ್ಲೂ ನಮ್ಮದೇ ಅಲ್ವಾ.

ಈಗ ಆಟದಲ್ಲಿ 187ನೇ ದಿನ. ಕರಡಿ ಚರ್ಮ ಒಣಗೋಕೆ ಇನ್ನೂ 5 ದಿನ ಇದೆ. ಬೆಂಕಿಕಡ್ಡಿ 11. ಇತ್ತ ಗುರುವಾರ ಬೆಳಿಗ್ಗೆ 10ಕ್ಕೆ ಚಾಮರಾಜನಗರದವನಿಗೆ ಜೆಪಿ ನಗರದಲ್ಲಿ ಇಂಟರ್‌ವ್ಯೂ. ಅದೇ ದಿನ ಮಧ್ಯಾಹ್ನ 2ಕ್ಕೆ ಪಾವಗಡದವನಿಗೆ ಬನಶಂಕರಿಯಲ್ಲಿ. ಕೋಟು ಇಸ್ತ್ರಿ ಗಾಡಿಯವರ ಹತ್ತಿರ ಇದೆ, ಬುಧವಾರ ಸಂಜೆ ಸಿಗುತ್ತೆ. ಗದಗದವನು ಗುರುವಾರ ಅರ್ಧ ದಿನ ರಜೆ ಹಾಕಿದ್ದಾನೆ, ಜೆಪಿ ನಗರದಲ್ಲಿ ಕಾದಿದ್ದು ಕೋಟನ್ನು ಬಸ್ಸಲ್ಲಿ ಬನಶಂಕರಿಗೆ ಮುಟ್ಟಿಸೋಕೆ.